ಓಟವಿಲ್ಲದ ಭಾನುವಾರ

ಬೆಳಗ್ಗೆ ಕಣ್ಣು ಬಿಟ್ಟ ಕೂಡಲೇ, ಇನ್ನೂ ಮಲಗಿದ್ದಂತೆಯೇ, ಮಣಿಕಟ್ಟಿನ ಮೇಲೆ ಬೆರಳಿಟ್ಟು ನಾಡಿ ನೋಡಿಕೊಳ್ಳಬೇಕು ಎಂದು ಬೆಟ್ಟಸ್ವಾಮಿ ಮೇಷ್ಟ್ರು ಹೇಳಿಕೊಟ್ಟಿದ್ದರು. ಪಲ್ಲವಿ ಚಾಪೆಯ ಮೇಲಿಂದಲೇ ನೋಡಿಕೊಳ್ಳುತ್ತಿದ್ದಳು. ಗೌರಿ ಹಬ್ಬ ಕಳೆದ ಮೇಲೆ ಅದು ದಿನೇ ದಿನೇ ಜೋರಾಗುತ್ತ ಬಂದಿತ್ತು. ರಾತ್ರಿಯೆಲ್ಲ ಮಲಗಿ ಎದ್ದವಳ ನಾಡಿ ಬಸ್ಸು ಹಿಡಿಯಲು ಓಡಿ ಬಂದವಳ ನಾಡಿಯಂತೆ ಹೊಡೆದುಕೊಳ್ಳುತ್ತಿತ್ತು. ಹಾಗೆ ಹೊಡೆದುಕೊಂಡ ದಿನ ಓಡಬಾರದು ಎಂದೂ ಮೇಷ್ಟ್ರು ಹೇಳಿದ್ದರು. ಪಲ್ಲವಿ ಎದ್ದು ಶೂ ಕಟ್ಟಿಕೊಂಡು ನಾಲೆ ಏರಿಯ ಕಡೆಗೆ ನಡೆಯುತ್ತಿದ್ದಳು. ಓಡಲು ಹೋಗದಿದ್ದರೆ ಮನೆಯಲ್ಲಿ ಇರಬೇಕಾಗುತ್ತಿತ್ತು. ಮನೆಯಲ್ಲಿ ಇರುವುದೆಂದರೆ ಏನೆಂದು ಮೇಷ್ಟ್ರಿಗೆ ಗೊತ್ತಿರಲಿಲ್ಲ.

ಅವಳ ಊರು ಟಿ. ನರಸೀಪುರದಿಂದ ನಂಜನಗೂಡಿಗೆ ಹೋಗುವ ದಾರಿಯಲ್ಲಿ, ಕಬಿನಿ ನಾಲೆಯ ಮಗ್ಗುಲಲ್ಲಿತ್ತು. ಅಪ್ಪ ಚಾಮಯ್ಯ ಕಬ್ಬು ಕಡಿಯುವ ತಂಡದ ಜೊತೆ ಬನ್ನೂರು ಕಡೆಗೆ ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಅಣ್ಣ ರಾಜುವಿಗೆ ನಂಜನಗೂಡಿನ ಒಂದು ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ. ಅವ್ವ ಚಿಕ್ಕಮಾದಮ್ಮ ಗದ್ದೆ ಕೂಲಿಗೆ ಹೋಗಿ ಬಂದು ಹಸು ಕರೆದು ಎರಡು ಹೊತ್ತೂ ಡೇರಿಗೆ ಹಾಲು ಹಾಕುತ್ತಿದ್ದಳು. ಬಲಗಾಲ ಮಂಡಿ ಊದಿಕೊಂಡು ವರ್ಷವಾಗಿತ್ತು. ಆ ಮಂಡಿಯ ಮಾತನ್ನು ಯಾರೂ ಅವಳ ಎದುರಿಗೆ ಎತ್ತುತ್ತಿರಲಿಲ್ಲ, ಎತ್ತಿದರೆ ಸಿಟ್ಟಾಗುತ್ತಿದ್ದಳು.

ಪಲ್ಲವಿ ಓಟಕ್ಕೆ ಬಂದದ್ದು ಯಾರೋ ಪ್ರತಿಭೆ ಗುರುತಿಸಿದ್ದರಿಂದಲ್ಲ. ಟಿ. ನರಸೀಪುರದ ಕಾಲೇಜಿಗೆ ಬಿ.ಎ.ಗೆ ಸೇರಿದ ವರ್ಷ, ಕ್ರೀಡಾಕೂಟದ ಐದು ಸಾವಿರ ಮೀಟರಿಗೆ ಹುಡುಗಿಯರಲ್ಲಿ ಒಬ್ಬಳೂ ಹೆಸರು ಕೊಟ್ಟಿರಲಿಲ್ಲ. ಕಾಲೇಜಿನ ದೈಹಿಕ ಶಿಕ್ಷಣದ ಮೇಷ್ಟ್ರಾದ ಬೆಟ್ಟಸ್ವಾಮಿಯವರು ವರಾಂಡದಲ್ಲಿ ಎದುರಾದವಳನ್ನೇ ನಿಲ್ಲಿಸಿ, "ನಿನ್ ಹೆಸ್ರು ಬರ್ಕೊಳ್ತೀನಿ ಕಣಮ್ಮ, ನಡ್ಕೊಂಡು ಮುಗಿಸಿದ್ರೂ ಪರವಾಗಿಲ್ಲ" ಎಂದರು. ಅವಳು ನಡೆಯಲಿಲ್ಲ. ಮೇಷ್ಟ್ರು ಹೀಗೇ ಹಿಡಿದು ತಂದ ಉಳಿದವರು ಏದುಸಿರು ಬಿಡುವ ಹೊತ್ತಿಗೆ ಅವಳಿಗೆ ಒಳಗೆಲ್ಲೋ ಹಗುರವಾಗುತ್ತ ಹೋಯಿತು. ಅಷ್ಟು ಹೊತ್ತು ತನ್ನನ್ನು ಯಾರೂ ಕರೆಯಲಿಲ್ಲ, ಯಾವುದಕ್ಕೂ ಕರೆಯಲಿಲ್ಲ ಎಂಬುದು ಅವಳಿಗೆ ಹೊಸದಾಗಿತ್ತು. ಆಮೇಲೆ ಬಿಡಲಿಲ್ಲ. ಎರಡನೇ ವರ್ಷ ಮೈಸೂರಿನ ಅಂತರಕಾಲೇಜು ಕೂಟದಲ್ಲಿ ಹತ್ತು ಸಾವಿರ ಮೀಟರ್ ಓಡಿ ನಾಲ್ಕನೆಯವಳಾಗಿ ಬಂದಳು. ಇದು ಕೊನೆಯ ವರ್ಷ. ದಸರಾ ಮುಗಿದ ಮೇಲೆ ಕೂಟ. ಅದರಲ್ಲಿ ಗೆದ್ದರೆ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾಗುತ್ತಿದ್ದಳು.

"ಓಡಿದ್ರೆ ಮೈ ಮುರೀತದೆ, ಮಲಗಿದಾಗ ಕಟ್ಕೊಳ್ತದೆ" ಎಂದು ಮೇಷ್ಟ್ರು ಹೇಳುತ್ತಿದ್ದರು. "ಬರೀ ಮುರೀತಾ ಹೋದ್ರೆ ಏನ್ ಉಳಿಯುತ್ತೆ? ಭಾನುವಾರ ಒಂದು ಹೆಜ್ಜೇನೂ ಓಡಂಗಿಲ್ಲ. ಉಂಡು ಮಲಕ್ಕೊಬೇಕು."

ಭಾನುವಾರ ಪಲ್ಲವಿ ಒಂದು ಹೆಜ್ಜೆಯೂ ಓಡುತ್ತಿರಲಿಲ್ಲ. ಕೊಟ್ಟಿಗೆ ಬಾಚುತ್ತಿದ್ದಳು, ನಲ್ಲಿ ನೀರು ಬಂದಾಗ ಬಿಂದಿಗೆಗಳನ್ನು ತುಂಬಿಸಿ ಇಡುತ್ತಿದ್ದಳು, ವಾರದ ಬಟ್ಟೆಯನ್ನೆಲ್ಲ ನಾಲೆಗೆ ಹೊತ್ತು ಒಗೆದು ತರುತ್ತಿದ್ದಳು. ಭತ್ತದ ಕಳೆ ಕೀಳುವ ಕಾಲ ಬಂದಾಗ ಅವ್ವ, "ಇವತ್ತು ಓಡಕ್ಕಿಲ್ವಲ್ಲ ಕೂಸು, ಕಳೆಗೆ ಒಂದಾಳು ಕಮ್ಮಿ ಆಗದೆ, ಬತ್ತೀಯಾ?" ಎಂದಳು. ಅವ್ವ ಕೇಳಿದ ದನಿಯಲ್ಲಿ ಜಬರದಸ್ತಿ ಇರಲಿಲ್ಲ. ಜಬರದಸ್ತಿ ಇದ್ದಿದ್ದರೆ ಒಲ್ಲೆ ಎನ್ನಬಹುದಿತ್ತು. ಪಲ್ಲವಿ ಹೋಗಿ ಕೆಸರಿನಲ್ಲಿ ಬಗ್ಗಿ ನಿಂತಳು. ಸೋಮವಾರ ನಾಲೆ ಏರಿ ಹತ್ತುವಾಗ ಶನಿವಾರಕ್ಕಿಂತ ಕಾಲು ಭಾರವಾಗಿರುತ್ತಿತ್ತು.

ರಾಜು ರಾತ್ರಿ ಶಿಫ್ಟ್ ಮುಗಿಸಿ ಬಂದ ದಿನ ಮನೆಯೇ ಬೇರೆಯಾಗುತ್ತಿತ್ತು. ಕಿಟಕಿಗೆ ಅವ್ವ ಹಳೇ ಸೀರೆ ಇಳಿಬಿಡುತ್ತಿದ್ದಳು. ಟಿ.ವಿ. ಬಂದ್. "ಶಿಫ್ಟ್ ಮುಗ್ಸಿ ಬಂದವ್ನೆ, ಪಾತ್ರೆ ಸದ್ದು ಮಾಡ್ಬ್ಯಾಡ" ಎಂದು ಪಿಸುಗುಡುತ್ತಿದ್ದಳು. ಪಲ್ಲವಿಗೆ ಅಣ್ಣನ ಮೇಲೆ ಸಿಟ್ಟಿರಲಿಲ್ಲ, ಅವಳು ಕಟ್ಟುತ್ತಿದ್ದ ಶೂ ಅವನೇ ತಂದುಕೊಟ್ಟದ್ದು. ಆದರೂ ತಗಡಿನ ಬಾಗಿಲಾಚೆ ಅವನ ಗೊರಕೆ ಕೇಳುವಾಗ, ಅಷ್ಟು ಆಳದ ನಿದ್ದೆ ತನಗೂ ಒಂದು ದಿನ ಹಗಲಲ್ಲಿ ಸಿಕ್ಕರೆ ಹೇಗಿರುತ್ತದೆ ಎಂದುಕೊಳ್ಳುತ್ತ ಸುಮ್ಮನೆ ನಿಂತು ಆಲಿಸುತ್ತಿದ್ದಳು.

ರಾತ್ರಿಯ ನಿದ್ದೆಯೂ ಹರಿದು ಹೋಗತೊಡಗಿತು. ಮೈ ದಣಿದಿದ್ದರೂ ಕಣ್ಣು ಮುಚ್ಚುತ್ತಿರಲಿಲ್ಲ. ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಗೆಳತಿಯರ ಮೇಲೆ ರೇಗಿ ಆಮೇಲೆ ಕಾಲೇಜಿನ ಹಿಂದೆ ಒಬ್ಬಳೇ ಕೂತು ಅಳುತ್ತಿದ್ದಳು. ತಿಂಗಳುಗಳಿಂದ ಮುಟ್ಟು ನಿಂತಿತ್ತು. ಇದನ್ನು ಮೇಷ್ಟ್ರ ಎದುರು ಯಾವ ಬಾಯಿಂದ ಹೇಳುವುದು? ಅವ್ವನಿಗೆ ಹೇಳಿದರೆ ಓಟವೇ ನಿಂತೀತು. ಗೋಡೆಯ ಕ್ಯಾಲೆಂಡರಿನಲ್ಲಿ ಅವಳು ಆ ದಿನಗಳನ್ನು ನೋಡುವುದನ್ನೇ ಬಿಟ್ಟಳು.

ಒಂದು ಸೋಮವಾರ ಕಾಲೇಜಿನ ಮೈದಾನದಲ್ಲಿ ಮೇಷ್ಟ್ರು ಗಡಿಯಾರ ನೋಡಿ ಹುಬ್ಬು ಗಂಟಿಕ್ಕಿದರು.

"ನಿನ್ನೆ ಓಡಿದ್ಯಾ?"

"ಇಲ್ಲ ಸಾ."

"ಸುಳ್ಳು ಹೇಳ್ಬೇಡ. ರೆಸ್ಟ್ ತಗೊಂಡೋಳ ಕಾಲು ಹಿಂಗಿರಲ್ಲ."

"ರೆಸ್ಟೇ ಸಾ. ಓಡ್ಲಿಲ್ಲ. ಕಳೆ ಕಿತ್ತೆ."

ಮೇಷ್ಟ್ರು ಗಡಿಯಾರವನ್ನು ಜೇಬಿಗೆ ಹಾಕಿಕೊಂಡರು. ಆಮೇಲೆ, "ನಿಮ್ಮನೇಗೆ ನಾನೇ ಬರ್ತೀನಿ" ಎಂದರು. ಬೇಡವೆಂದರೂ ಕೇಳದೆ ಆ ಗುರುವಾರ ಸಂಜೆ ಸ್ಕೂಟರಿನಲ್ಲಿ ಬಂದೇಬಿಟ್ಟರು.

ಚಿಕ್ಕಮಾದಮ್ಮ ಪ್ಲಾಸ್ಟಿಕ್ ಕುರ್ಚಿ ಒರೆಸಿ ಹಾಕಿದಳು. ಕಾಫಿ ತಂದಿಟ್ಟು ಬಾಗಿಲ ಬಳಿ ನಿಂತಳು. ಮೇಷ್ಟ್ರು ಆದಷ್ಟು ಮೆತ್ತಗೆ, ಓಡುವವರಿಗೆ ಊಟದಷ್ಟೇ ವಿಶ್ರಾಂತಿಯೂ ಮುಖ್ಯ, ವಾರಕ್ಕೊಂದು ದಿನವಾದರೂ ಹುಡುಗಿಗೆ ಕೆಲಸ ಹೇಳಬೇಡಿ ಎಂದರು.

"ಸಾ, ನಾವೇನ್ ಅವಳ್ನ ದುಡುಸ್ತಿಲ್ಲ" ಎಂದಳು ಚಿಕ್ಕಮಾದಮ್ಮ. "ಓದ್ಲಿ, ಓಡ್ಲಿ ಅಂತ್ಲೇ ಬುಟ್ಟಿವಿ. ಮನೆ ಅಂದ್ಮೇಲೆ ಒಂದ್ ಕಸ ಮುಸುರೆ ಇರ್ತದೆ. ಅದೂ ಬ್ಯಾಡ ಅಂದ್ರೆ ಬ್ಯಾಡ. ನಾನೇ ಮಾಡ್ಕತೀನಿ. ನೀವ್ ಏಳುದ್ ಮೇಲೆ ಆಯ್ತು."

ಅವ್ವ ಇಷ್ಟು ಸುಲಭಕ್ಕೆ ಒಪ್ಪಿದ್ದು ಕಂಡು ಮೇಷ್ಟ್ರಿಗೆ ಸಮಾಧಾನವಾಯಿತು. ಗೋಡೆಗೆ ಒರಗಿ ನಿಂತಿದ್ದ ಪಲ್ಲವಿ ಮಾತ್ರ ಅವ್ವನ ಮಂಡಿಯ ಕಡೆ ನೋಡಿದಳು. ಅವ್ವ ಒಪ್ಪಿದಳೆಂದರೆ ಮಾಡಿಯೇ ತೀರುತ್ತಾಳೆ ಎಂದು ಅವಳಿಗೆ ಗೊತ್ತಿತ್ತು.

ಭಾನುವಾರ ಅವ್ವ ಅವಳನ್ನು ಎಬ್ಬಿಸಲಿಲ್ಲ. ಎಚ್ಚರವಾದಾಗ ಬಿಸಿಲು ಹೆಂಚಿನ ಸಂದಿಯಿಂದ ಇಳಿದು ಕಾಲ ಮೇಲೆ ಬಿದ್ದಿತ್ತು. ತಲೆಯ ಹತ್ತಿರ ಮುಚ್ಚಿಟ್ಟ ಉಪ್ಪಿಟ್ಟು. ಕಿಟಕಿಗೆ ರಾಜು ಮಲಗುವಾಗ ಹಾಕುವ ಅದೇ ಸೀರೆಯನ್ನು ಅವ್ವ ಇಳಿಬಿಟ್ಟಿದ್ದಳು. ಪಲ್ಲವಿ ಮಲಗಿಯೇ ಇದ್ದಳು. ಮೇಷ್ಟ್ರು ಹೇಳಿದಂತೆ ಮೈ ಸಡಿಲ ಬಿಟ್ಟಳು. ಹೊರಗೆ ಕೊಟ್ಟಿಗೆ ಬಾಚುವ ಸದ್ದು ಕೇಳಿತು. ಬಾಚಿ ಬಾಚಿ ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ನಿಂತಾಗಲೆಲ್ಲ ಅವ್ವ ಮಂಡಿ ಹಿಡಿದುಕೊಂಡಿದ್ದಾಳೆ ಎಂದು ನೋಡದೆಯೇ ತಿಳಿಯುತ್ತಿತ್ತು. ಬಿಂದಿಗೆ ನೆಲಕ್ಕಿಟ್ಟ ಸದ್ದು. ಅವ್ವನ ಉಸಿರು. ಬಟ್ಟೆಯ ಗಂಟನ್ನು ತಲೆಗೇರಿಸಿಕೊಳ್ಳುವಾಗ ಬಾಯಿಂದ ಹೊರಟ ಸಣ್ಣ ನರಳಿಕೆ.

ಪಲ್ಲವಿ ಎದ್ದು ಹೊರಗೆ ಬಂದು ಗಂಟಿಗೆ ಕೈ ಹಾಕಿದಳು.

"ಬುಡು. ಓಗಿ ಮಲಕ್ಕೊ."

"ಕೊಡವ್ವ, ನಾಲೆಗಂಟ ನಾನ್ ತತ್ತೀನಿ."

"ನಾನು ಆ ಮೇಷ್ಟ್ರುಗೆ ಮಾತ್ ಕೊಟ್ಟಿವ್ನಿ ಕಣ್ ಕೂಸು. ನಾಳಿಕೆ ನೀನ್ ಸೋತ್ರೆ ಅವ್ರವ್ವ ದುಡುಸ್ಬುಟ್ಲು ಅಂತಾರೆ. ಓಗು."

ಅವ್ವ ಕುಂಟುತ್ತ ಹೋದಳು. ಪಲ್ಲವಿ ಒಳಗೆ ಬಂದು ಮತ್ತೆ ಮಲಗಿದಳು. ಇಡೀ ದಿನ ಹಾಗೇ ಮಲಗಿದಳು, ಒಂದು ಗಳಿಗೆಯೂ ದಣಿವು ಇಳಿಯಲಿಲ್ಲ. ಸಂಜೆ ನಾಡಿ ಮುಟ್ಟಿ ನೋಡಿದರೆ ಬೆಳಗಿನದಕ್ಕಿಂತ ಜೋರಾಗಿತ್ತು.

ಮುಂದಿನ ವಾರ ಅವಳು ಮೇಷ್ಟ್ರ ಹತ್ತಿರ ಹೋಗಿ, ಮನೆಯಲ್ಲಿ ಮಲಗಲು ಆಗುವುದಿಲ್ಲ ಎಂದಷ್ಟೇ ಹೇಳಿದಳು. ಅವರಿಗೆ ಅರ್ಧ ಅರ್ಥವಾಯಿತು. "ಹಂಗಾದ್ರೆ ಭಾನುವಾರ ನಮ್ಮನೇಗೆ ಬಾ" ಎಂದರು. ಅವರ ಹೆಂಡತಿ ರುದ್ರಾಣಿಯವರು ಕೋಣೆಯಲ್ಲಿ ಹಾಸಿಗೆ ಹಾಸಿ, ಫ್ಯಾನ್ ಹಾಕಿ, ಕೋಳಿ ಸಾರು ಉಣಿಸಿ ಬಾಗಿಲು ಮುಂದೆ ಮಾಡಿದರು. ಅಷ್ಟು ಮೆತ್ತನೆಯ ಹಾಸಿಗೆಯ ಮೇಲೆ ಪಲ್ಲವಿ ಅದುವರೆಗೂ ಮಲಗಿರಲಿಲ್ಲ. ಮಧ್ಯಾಹ್ನವೆಲ್ಲ ಫ್ಯಾನು ತಿರುಗುವುದನ್ನು ನೋಡಿದಳು. ಈ ಹೊತ್ತಿಗೆ ಅವ್ವ ಹುಲ್ಲು ಕೊಯ್ಯಲು ಹೋಗಿರುತ್ತಾಳೆ, ಈ ಹೊತ್ತಿಗೆ ಹೊರೆ ಹೊತ್ತು ಏರಿ ಇಳಿಯುತ್ತಿರುತ್ತಾಳೆ. ರುದ್ರಾಣಿಯವರು ಬಂದು, "ನಿದ್ದೆ ಬಂತಾ ಮಗು?" ಎಂದು ಕೇಳಿದಾಗ, "ಚೆನ್ನಾಗ್ ಬಂತು ಅಮ್ಮ" ಎಂದಳು. ಆಮೇಲಿನ ಭಾನುವಾರಗಳಲ್ಲಿ ಅವಳು ಅಲ್ಲಿಗೆ ಹೋಗಲಿಲ್ಲ. ಈಗ ಮನೆಯಲ್ಲೇ ನಿದ್ದೆ ಬರುತ್ತದೆ ಎಂದು ಮೇಷ್ಟ್ರಿಗೂ, ಕಾಲೇಜಿನಲ್ಲಿ ಏನೋ ಇದೆ ಎಂದು ಮನೆಯಲ್ಲೂ ಹೇಳಿ, ಬೇರೆ ದಿಕ್ಕಿನ ಏರಿಯ ಮೇಲೆ ಹೋಗಿ ಓಡಿದಳು. ಓಡುವಾಗ ಮಾತ್ರ ಯಾವ ಸದ್ದೂ ಕೇಳಿಸುತ್ತಿರಲಿಲ್ಲ.

ಮೈಸೂರಿನ ಕೂಟದ ದಿನ ರಾಜು ರಜೆ ಹಾಕಿ ನೋಡಲು ಬಂದಿದ್ದ. ಮೊದಲ ಸುತ್ತುಗಳಲ್ಲಿ ಪಲ್ಲವಿ ಮುಂದಿನ ಗುಂಪಿನಲ್ಲೇ ಇದ್ದಳು. ಅರ್ಧ ದಾಟಿದ ಮೇಲೆ ಕಾಲುಗಳು ತನ್ನವಲ್ಲ ಎನ್ನುವಂತಾಯಿತು. ನೋವಿರಲಿಲ್ಲ, ನೋವಿದ್ದರೆ ಹಲ್ಲು ಕಚ್ಚಬಹುದಿತ್ತು. ಕಚ್ಚಿ ಹಿಡಿಯಲು ಏನೂ ಇರಲಿಲ್ಲ. ಬಾವಿಗೆ ಕೊಡ ಬಿಟ್ಟರೆ ತಳದ ಕಲ್ಲಿಗೆ ತಗುಲಿದ ಹಾಗೆ ಒಳಗೆಲ್ಲ ಖಾಲಿ. ಒಬ್ಬೊಬ್ಬರೇ ದಾಟಿ ಹೋದರು. ಹೋದ ವರ್ಷ ತನಗಿಂತ ಎಷ್ಟೋ ಹಿಂದೆ ಬಂದಿದ್ದ ಅರ್ಪಿತ ಎಂಬ ನಂಜನಗೂಡಿನ ಹುಡುಗಿಯೂ ದಾಟಿದಳು. ಪಲ್ಲವಿ ನಡೆಯತೊಡಗಿದಳು, ಆಮೇಲೆ ಪಕ್ಕಕ್ಕೆ ಬಂದು ಹುಲ್ಲಿನ ಮೇಲೆ ಕೂತಳು. ಮೇಷ್ಟ್ರು ಬಂದು ಬೈಯಲಿಲ್ಲ. ತಮ್ಮ ಟವೆಲನ್ನು ಅವಳ ಹೆಗಲಿಗೆ ಹಾಕಿ ಪಕ್ಕದಲ್ಲಿ ಕೂತರು.

"ಭಾನುವಾರ ಓಡ್ತಿದ್ದೆ ಸಾ" ಎಂದಳು.

"ಗೊತ್ತಾಯ್ತು" ಎಂದರು. "ತಡವಾಗಿ ಗೊತ್ತಾಯ್ತು."

ಮರುವಾರ ಅವ್ವನೇ ಅವಳನ್ನು ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರಮ್ಮ ಒಂದೊಂದೇ ಕೇಳಿದರು. ಮುಟ್ಟಿನ ವಿಷಯ ಬಂದಾಗ ಪಲ್ಲವಿ ತಲೆ ತಗ್ಗಿಸಿ ಹೇಳಿದಳು. ಅವ್ವ ಅವಳ ಮುಖವನ್ನೇ ನೋಡಿದಳು. ರಕ್ತ ತೀರಾ ಕಮ್ಮಿಯಾಗಿದೆ, ಓಟದಲ್ಲಿ ಸುಡುವಷ್ಟು ಅನ್ನ ಮೈಗೆ ಬೀಳುತ್ತಿಲ್ಲ, ನಿದ್ದೆಯೂ ಇಲ್ಲ, ಕೆಲವು ತಿಂಗಳು ಓಟವೂ ಬೇಡ, ಭಾರದ ಕೆಲಸವೂ ಬೇಡ ಎಂದರು ಡಾಕ್ಟರಮ್ಮ. ಮಾತ್ರೆ ಬರೆಯುತ್ತಿದ್ದವರು ಒಮ್ಮೆ ತಲೆಯೆತ್ತಿ ಚಿಕ್ಕಮಾದಮ್ಮನ ಕಣ್ಣ ಕೆಳರೆಪ್ಪೆ ಎಳೆದು ನೋಡಿದರು.

"ನಿಮ್ಗೂ ರಕ್ತ ಇಲ್ಲಮ್ಮ. ಆ ಕಾಲು ಯಾವಾಗಿಂದ ಹಂಗಿದೆ? ನೀವೂ ಟೆಸ್ಟ್ ಮಾಡಿಸ್ಕೊಳ್ಳಿ, ನೀವೂ ರೆಸ್ಟ್ ಮಾಡ್ಬೇಕು."

"ನಂಗೇನವ್ವ" ಎಂದಳು ಚಿಕ್ಕಮಾದಮ್ಮ. "ನಾನೇನ್ ಓಡ್ತೀನಾ."

ಟೆಸ್ಟ್ ಮಾಡಿಸಿಕೊಳ್ಳಲಿಲ್ಲ. ಡೇರಿಯ ಹೊತ್ತಾಗುತ್ತದೆ ಎಂದು ಮಗಳ ಕೈ ಹಿಡಿದು ಹೊರಟುಬಿಟ್ಟಳು.

ಬಸ್ಸಿನಲ್ಲಿ ಗದ್ದೆ ಬಯಲು ಶುರುವಾದ ಮೇಲೆ ಅವ್ವ, "ನಂಗ್ಯಾಕ್ ಏಳ್ಲಿಲ್ಲ?" ಎಂದಳು.

"ಏಳುದ್ರೆ ನೀನೇನ್ ಮಾಡ್ತಿದ್ದೆ?"

ಅವ್ವ ಯೋಚಿಸಿದಳು. ನಿಜವಾಗಿ ಯೋಚಿಸಿದಳು. ಕೊನೆಗೆ, "ಏನ್ ಮಾಡ್ತಿದ್ನೋ ಕಾಣೆ ಕಣ್ ಮಗ" ಎಂದಳು.

ಆ ಭಾನುವಾರ ರಾಜು ಕೆಲಸಕ್ಕೆ ಹೋಗಿದ್ದ, ಅಪ್ಪ ಬನ್ನೂರಿನ ಕಡೆಯೇ ಇದ್ದ. ಮಧ್ಯಾಹ್ನ ಉಂಡ ಮೇಲೆ ಚಿಕ್ಕಮಾದಮ್ಮ ಮಗಳ ಪಕ್ಕದಲ್ಲೇ ಚಾಪೆಯ ಮೇಲೆ ಕಾಲು ನೀಡಿ ಕೂತಳು. ಪಲ್ಲವಿ ಕೊಬ್ಬರಿ ಎಣ್ಣೆ ತಂದು ಆ ಊದಿದ ಮಂಡಿಗೆ ಹಚ್ಚಿ ನೀವಿದಳು. ಅವ್ವ ಬೇಡವೆನ್ನಲಿಲ್ಲ. ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿದಳು. ಎಣ್ಣೆ ಇಂಗುವ ಮೊದಲೇ ಹಸು ಕೂಗಿತು. ಹುಲ್ಲಿನ ಹೊತ್ತಾಗಿತ್ತು.

"ನೀ ಕೂತ್ಕೊ, ನಾನ್ ಓಗ್ತೀನಿ" ಎಂದಳು ಪಲ್ಲವಿ.

"ನೀ ಕೂತ್ಕೊ."

ಹಸು ಮತ್ತೆ ಕೂಗಿತು. ಇನ್ನು ಯಾರನ್ನು ಕರೆಯುವುದೆಂದು ಇಬ್ಬರಿಗೂ ತೋಚಲಿಲ್ಲ. ಅವ್ವ ಗೋಡೆ ಹಿಡಿದು ಎದ್ದಳು. ಪಲ್ಲವಿಯೂ ಎದ್ದಳು. ಒಬ್ಬಳು ಕುಡುಗೋಲು, ಒಬ್ಬಳು ಹಗ್ಗ ಹಿಡಿದು ಬಿಸಿಲಿಗೆ ಇಳಿದರು.