ಬಾಜು ಮನಿ ಫೋನು

ಪ್ರಮಿಳಾಳಷ್ಟು ಅಚ್ಚುಕಟ್ಟಾಗಿ ನೌಕರಿ ಹುಡುಕಿದವರನ್ನು ನಾನು ನೋಡಿಲ್ಲ. ಅದೇ ಅವಳಿಗೆ ಮುಳುವಾಯಿತು.

ಎರಡು ಸಾವಿರದ ಒಂದನೇ ಇಸವಿ. ಬಿ.ಕಾಂ. ಮುಗಿಸಿ ಖಾನಾಪುರದ ಮನೆಯಲ್ಲಿದ್ದ ಅವಳಿಗೆ ಸೋದರಮಾವ ಸಿದರಾಯನನ್ನು ಗಂಟುಹಾಕುವ ಮಾತು ನಡೆದಿತ್ತು. ಸಿದರಾಯ ಕುಡಿಯುತ್ತಿದ್ದ, ಕುಡಿದರೆ ಕೈ ಎತ್ತುತ್ತಿದ್ದ. ಅಪ್ಪ ರಾಯಪ್ಪ ಗಡುವು ಕೊಟ್ಟಿದ್ದ: "ದೀಪಾವಳಿಯೊಳಗ ನೌಕರಿ ಹತ್ತಿದ್ರ ಲಗ್ನದ ಮಾತ ಬ್ಯಾಡ. ಇಲ್ಲಂದ್ರ ಸುಮ್ನ ಮಾಡ್ಕೋಬೇಕು."

ಪ್ರತಿ ಸೋಮವಾರ ಬಸ್ಸು ಹತ್ತಿ ಬೆಳಗಾವಿಯ ಕ್ಯಾಂಪ್ ಬಡಾವಣೆಯಲ್ಲಿದ್ದ ಫಿರೋಜನ ಇಂಟರ್‌ನೆಟ್ ಅಂಗಡಿಗೆ ಹೋಗುತ್ತಿದ್ದಳು. ನೌಕರಿಯ ವೆಬ್‌ಸೈಟುಗಳನ್ನು ತೋರಿಸಿಕೊಟ್ಟವನು ಅವನೇ.

"ಒಂದ ಅರ್ಜಿ ಎಲ್ಲಾರಿಗೂ ಒಗಿಬ್ಯಾಡ ತಂಗಿ. ಅವ್ರು ಏನ್ ಕೇಳ್ಯಾರ ಓದು, ನಿನಗ ಬರೂದನ್ನ ಮ್ಯಾಲ ಹಾಕು. ವಾರಕ್ಕೊಮ್ಮಿ ತಿದ್ದಿದ್ರ ಕಂಪನಿಯವರ ಕಣ್ಣಿಗೆ ಮುಂದ ಬೀಳ್ತಿ."

ಅವಳು ಹಾಗೆಯೇ ಮಾಡಿದಳು. ಫೋನ್ ನಂಬರಿನ ಜಾಗದಲ್ಲಿ ಬಾಜು ಮನೆಯ ಸಾವಂತ್ರವ್ವನ ನಂಬರು ಹಾಕಿದಳು. ಆಗ ಎಲ್ಲರೂ ಹಾಕುತ್ತಿದ್ದದ್ದೇ ಹಾಗೆ. ಓಣಿಗೆಲ್ಲ ಅದೊಂದೇ ಫೋನು. ಕೇಳಿದರೆ ಬೇಡವೆಂದಾಳು ಎಂದು ಹೆದರಿ ಸಾವಂತ್ರವ್ವನಿಗೆ ಹೇಳಲೇ ಇಲ್ಲ.

ಒಂದು ಮಧ್ಯಾಹ್ನ ಸಾವಂತ್ರವ್ವ ಕಟ್ಟೆಯ ಮೇಲೆ ನಿಂತು ಓಣಿಗೆಲ್ಲ ಕೇಳುವಂತೆ ಕೂಗಿದಳು.

"ರಾಯಪ್ಪಾ, ನಿನ್ನ ಮಗಳನ್ನ ಯಾವನೋ ಗಂಡಸು ಹೆಸರ ಹಿಡದ ಕೇಳಾಕತ್ತಾನ! ಲಗ್ನ ಗೊತ್ತಾಗೇತಿ, ಮತ್ತ ಫೋನ್ ಮಾಡಬ್ಯಾಡ ಅಂತ ಝಾಡಿಸಿ ಇಟ್ಟೀನಿ."

"ಕಾಕೂ, ಎಲ್ಲಿಂದ ಅಂದ್ರು?" ಪ್ರಮಿಳಾ ಹೊರಗೆ ಓಡಿಬಂದು ಕೇಳಿದಳು.

"ಬೆಳಗಾವಿ ಸದಾಶಿವನಗರದ ಯಾವುದೋ ಆಫೀಸಂತ. ಎಲ್ಲಾ ಹಂಗ ಅಂತಾರ."

"ಅಪ್ಪಾ, ಅದು ನೌಕರಿ ಫೋನು."

"ಗೊತ್ತೈತಿ. ಆದ್ರ ಓಣಿ ತುಂಬ ಕೇಳ್ಯಾರ," ಎಂದ ರಾಯಪ್ಪ. ತಿಳಿದೂ ತಿಳಿದೂ ಮಗಳನ್ನು ಬಾವಿಗೆ ನೂಕುವುದೆಂದರೆ ಇದೇ. ದೀಪಾವಳಿಗೂ ಕಾಯಲಿಲ್ಲ.

ಮದುವೆಯಲ್ಲಿ ಸಾವಂತ್ರವ್ವ ಎಲ್ಲರಿಗಿಂತ ಮುಂದೆ ಕೂತಿದ್ದಳು. "ನಾ ಇದ್ದದ್ದಕ್ಕ ಹುಡುಗಿ ಮಾನ ಉಳೀತು," ಎಂದು ಬಂದವರಿಗೆಲ್ಲ ಹೇಳಿದಳು. ಆಕೆಯ ಬಾಯಿಗಿಷ್ಟು ಮಣ್ಣು ಹಾಕ.

ಆದರೆ ಫೋನುಗಳು ನಿಲ್ಲಲಿಲ್ಲ. ಪ್ರಮಿಳಾ ಅರ್ಜಿಯನ್ನು ಅಷ್ಟು ಚೆನ್ನಾಗಿ ಹಾಕಿದ್ದಳು. ಹುಬ್ಬಳ್ಳಿಯಿಂದ ಒಂದು ಬಂತು, ಕೊಲ್ಲಾಪುರದಿಂದ ಇನ್ನೊಂದು. ಪ್ರತಿ ಸಲವೂ ಸಾವಂತ್ರವ್ವ ಸಿದರಾಯನಿಗೆ ಸುದ್ದಿ ಮುಟ್ಟಿಸುತ್ತಿದ್ದಳು. ಪ್ರತಿ ಸಲವೂ ಅವನು ಹೆಂಡತಿಯನ್ನು ಹೊಡೆಯುತ್ತಿದ್ದ.

"ಬೆಳಗಾವಿಗೆ ಒಮ್ಮಿ ಕರಕೊಂಡ ಹೋಗ್ರಿ, ಇಂಟರ್‌ನೆಟ್ಟಿನಾಗಿಂದ ಹೆಸರ ಅಳಿಸಿ ಬರ್ತೀನಿ," ಎಂದು ಬೇಡಿಕೊಂಡಳು.

"ಯಾವನ್ನ ನೋಡಾಕ?" ಎಂದು ಅದಕ್ಕೂ ಬಾರಿಸಿದ.

ಗಂಡನ ಜೊತೆ ತವರಿಗೆ ಬಂದಿದ್ದ ಒಂದು ದಿನ ಬಾಜು ಮನೆಯಲ್ಲಿ ಫೋನು ಬಡಿದುಕೊಂಡಿತು. ಸಾವಂತ್ರವ್ವ ನೀರಿಗೆ ಹೋಗಿದ್ದಳು. ಪ್ರಮಿಳಾ ಓಡಿಹೋಗಿ ಎತ್ತಿದಳು. ಬೆಳಗಾವಿಯ ಕಂಪನಿ, ಲೆಕ್ಕಪತ್ರದ ಕೆಲಸ, ಪ್ರಮಿಳಾ ನಾಳೆಯೇ ಬರಬಹುದೇ ಎಂದರು. ಅವಳು ಬಾಗಿಲ ಕಡೆ ನೋಡಿದಳು. ಸಿದರಾಯ ಕಟ್ಟೆಯ ಮೇಲೆ ನಿಂತಿದ್ದ.

"ಪ್ರಮಿಳಾ ಇಲ್ಲಿಲ್ರಿ," ಎಂದಳು. "ಆಕಿದು ಲಗ್ನ ಆಗೇತಿ. ಮತ್ತ ಫೋನ್ ಮಾಡಬ್ಯಾಡ್ರಿ."