ಹಸಿರು ದಾರ ಸುತ್ತಿದ ಮೋಟರು

ನಾನು ಚಿಕ್ಕವನಿದ್ದಾಗ ನಮ್ಮ ಪಾಲಿಗೆ ಆಟದ ಕಾರೆಂದರೆ ಬೆಂಕಿಪೊಟ್ಟಣಕ್ಕೆ ಸೋಡಾ ಬಾಟಲಿಯ ಮುಚ್ಚಳ ಸಿಕ್ಕಿಸಿ ದಾರ ಕಟ್ಟಿ ಎಳೆಯುವುದು, ಅಷ್ಟೇ. ಹಾಗಿರುವಾಗ ಒಂದು ದಸರಾ ರಜೆಯಲ್ಲಿ ಬಾಳೂರಿನ ಹತ್ತಿರ ನಾವಿದ್ದ ಎಸ್ಟೇಟಿಗೆ ಕರೆಂಟಿನಲ್ಲಿ ಓಡುವ ಎರಡು ಕಾರು ಬಂದವು. ಸಾಹುಕಾರರ ತಮ್ಮ ವಿದೇಶದಿಂದ ತಂದದ್ದು. ಒಂದು ಕೆಂಪು, ಒಂದು ನೀಲಿ. ತುಂಡುಗಳನ್ನು ಒಂದಕ್ಕೊಂದು ಸಿಕ್ಕಿಸಿದರೆ ಉದ್ದಕ್ಕೆ ಬೆಳೆದು ಸುತ್ತಿ ಬರುವ ಕಪ್ಪು ಪ್ಲಾಸ್ಟಿಕ್ಕಿನ ರಸ್ತೆ. ಅದರ ಮೇಲೆ ಪ್ರತಿ ಕಾರಿಗೂ ಒಂದು ಸೀಳು. ಕಾರಿನ ಹೊಟ್ಟೆಯಡಿಯ ಮೊಳೆ ಆ ಸೀಳಿನಲ್ಲಿ ಕೂತರೆ, ಪಕ್ಕದ ತಗಡಿನ ಪಟ್ಟಿಗಳಿಂದ ಕರೆಂಟು ಹತ್ತಿ ಕಾರು ಓಡುತ್ತಿತ್ತು. ಕೈಯಲ್ಲಿರುವ ಗುಂಡಿ ಒತ್ತಿದಷ್ಟೂ ಜೋರು. ತಿರುವಿನಲ್ಲಿ ಕೈ ಸಡಿಲಿಸದಿದ್ದರೆ ಹಾರಿ ಹೊರಗೆ.

ಅಪ್ಪ ಆ ಎಸ್ಟೇಟಿನ ಮೆಕ್ಯಾನಿಕ್. ಜೀಪು, ಜನರೇಟರು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರು, ಎಲ್ಲ ಅವರ ಕೈಯಲ್ಲೇ. ಬಂಗಲೆಯ ಕರೆಂಟು ಬಂದರೆ ಬಂತು, ಹೋದರೆ ಹೋಯಿತು. ಹಾಗಾಗಿ ಅಪ್ಪ ಆ ರಸ್ತೆಗೆ ಜೀಪಿನ ಬ್ಯಾಟರಿ ಹೊಂದಿಸಿಕೊಟ್ಟಿದ್ದರು. ಸಾಹುಕಾರರ ಮಗ ನನ್ನ ವಯಸ್ಸಿನವನೇ. ಒಬ್ಬನೇ ಆಡಿದರೆ ರೇಸ್ ಆಗುವುದಿಲ್ಲವಲ್ಲ, ನನ್ನನ್ನು ಕರೆಸುತ್ತಿದ್ದ. ಕೆಂಪು ಯಾವಾಗಲೂ ಅವನದು. ನೀಲಿ ನನ್ನದು, ಅದು ಸ್ವಲ್ಪ ಸೋಮಾರಿ. ದಿನಾ ಸೋಲುತ್ತಿದ್ದೆ.

ಒಂದು ಸಂಜೆ ಬಂಗಲೆಯ ಜಗಲಿಯಲ್ಲಿ ಕೂತಿದ್ದ ಸಾಹುಕಾರರು ನಮ್ಮಿಬ್ಬರಿಗೂ ಹೇಳಿದರು. "ಭಾನುವಾರ ನೆಂಟರೆಲ್ಲ ಬರ್ತಾರೆ. ಅವತ್ತು ಸರಿಯಾಗಿ ಒಂದು ರೇಸ್ ಮಾಡಿ. ಗೆದ್ದವನಿಗೆ ಅವನು ಓಡಿಸಿದ ಕಾರು."

ಕೆಂಪು ಕಾರು ಹೇಗಿದ್ದರೂ ಅವರ ಮನೆಯದೇ. ಆ ಮಾತು ಬೇಕಾಗಿದ್ದದ್ದು ನನಗೊಬ್ಬನಿಗೆ. ಓಡಿ ಬಂದು ಅಪ್ಪನಿಗೆ ಹೇಳಿದೆ. ಅಪ್ಪ ಎಣ್ಣೆ ಕೈಯನ್ನು ಬಟ್ಟೆಯಲ್ಲಿ ಒರೆಸಿಕೊಳ್ಳುತ್ತ ನಕ್ಕರು. "ತಗೊಂಡ್ ಬಾ ಮಾರಾಯ ನಿನ್ನ ಕಾರು. ಅದರ ಹೊಟ್ಟೇಲಿ ಏನಿದೆ ನೋಡುವ."

ಆ ವಾರ ನಾನು ಕಂಡ ಸುಖವನ್ನು ಹೇಗೆ ಹೇಳಲಿ? ಶೆಡ್ಡಿನ ಬೆಂಚಿನ ಮೇಲೆ ನೀಲಿ ಕಾರನ್ನು ಅಪ್ಪ ಪೂರ್ತಿ ಬಿಚ್ಚಿದರು. ಜಾರುತ್ತಿದ್ದ ಪ್ಲಾಸ್ಟಿಕ್ ಚಕ್ರಗಳಿಗೆ ಹಳೆಯ ಟ್ಯೂಬಿನಿಂದ ರಬ್ಬರ್ ಉಂಗುರ ಕತ್ತರಿಸಿ ತೊಡಿಸಿದರು. ಅದನ್ನು ಉಪ್ಪುಕಾಗದದ ಮೇಲೆ ತಿಕ್ಕಿ ತಿಕ್ಕಿ ಸಮ ಮಾಡುವ ಕೆಲಸ ನನ್ನದು. ಸುಟ್ಟ ರಬ್ಬರಿನ ವಾಸನೆ ಊಟಕ್ಕೆ ಕೂತಾಗಲೂ ಬೆರಳಿನಿಂದ ಹೋಗುತ್ತಿರಲಿಲ್ಲ. ತಿರುವಿನಲ್ಲಿ ಹಾರದಿರಲೆಂದು ಹೊಟ್ಟೆಗೆ ಸೀಸದ ಚೂರು ಅಂಟಿಸಿದೆವು. ಕರೆಂಟು ಚೆನ್ನಾಗಿ ಹತ್ತಲೆಂದು ತಾಮ್ರದ ಎಳೆಗಳ ಹೊಸ ಕುಚ್ಚು ಕಟ್ಟಿದೆವು.

ಕೊನೆಗೆ ಮೋಟರು. ಅದರೊಳಗಿನ ಕೂದಲಿನಂಥ ತಂತಿಯನ್ನು ತೆಗೆದು, ಸ್ವಲ್ಪ ದಪ್ಪ ತಂತಿಯನ್ನು ಕಡಿಮೆ ಸುತ್ತು ಸುತ್ತಿದರೆ ಜೋರಾಗಿ ತಿರುಗುತ್ತದೆ ಎಂದರು ಅಪ್ಪ. ಅವರ ಬೆರಳು ದಪ್ಪ, ಹಾಗಾಗಿ ಸುತ್ತಿದ್ದು ಅಕ್ಕ. ಕಿಟಕಿಯ ಬೆಳಕಿನಲ್ಲಿ ಉಸಿರು ಬಿಗಿಹಿಡಿದು, ಎಳೆಯ ಪಕ್ಕ ಎಳೆ ಕೂರಿಸುತ್ತ ಸುತ್ತಿದಳು. ತುದಿ ಬಿಚ್ಚದಿರಲೆಂದು ತನ್ನ ಕಸೂತಿ ಪೆಟ್ಟಿಗೆಯ ಹಸಿರು ರೇಷ್ಮೆ ದಾರ ಕಟ್ಟಿದಳು. ಅಪ್ಪ ಬೆಸುಗೆ ಹಾಕಿ ಬ್ಯಾಟರಿಗೆ ಮುಟ್ಟಿಸಿದರು. ಮೋಟರು ದುಂಬಿಯಂತೆ ಗುಂಯ್‌ಗುಟ್ಟಿತು. ಮೂವರೂ ಒಟ್ಟಿಗೆ ನಕ್ಕೆವು.

ಶನಿವಾರ ಬಂಗಲೆಯಲ್ಲಿ ಓಡಿಸಿ ನೋಡಿದಾಗ ಕೆಂಪು ಕಾರು ನನ್ನ ಹತ್ತಿರಕ್ಕೂ ಬರಲಿಲ್ಲ. ಸಾಹುಕಾರರ ಮಗ ಗುಂಡಿಯನ್ನು ಎಸೆದು ಅಳುತ್ತ ಒಳಗೆ ಹೋದ. ಸಾಹುಕಾರರು ಹೊರಬಂದು, ಬ್ಯಾಟರಿ ಬಿಚ್ಚುತ್ತಿದ್ದ ಅಪ್ಪನನ್ನು ನೋಡಿ ಇಷ್ಟೇ ಅಂದರು. "ಏನಪ್ಪ, ನಿನ್ನ ಮಗನ ಕಾರು ಭಾರೀ ಓಡ್ತದಲ್ಲ." ನಗುತ್ತಲೇ ಅಂದರು. ನನಗೆ ಹೆಮ್ಮೆಯಾಯಿತು. ಅಪ್ಪ ತಲೆ ತಗ್ಗಿಸಿ ಬ್ಯಾಟರಿಯ ತಂತಿ ಸುತ್ತತೊಡಗಿದರು.

ಭಾನುವಾರ ಬೆಳಿಗ್ಗೆ ಅಪ್ಪ ನನಗಿಂತ ಮೊದಲೇ ಎದ್ದು ನೀಲಿ ಕಾರನ್ನು ಎತ್ತಿಕೊಂಡರು. "ಎರಡಕ್ಕೂ ಎಣ್ಣೆ ಬಿಟ್ಟು ರೆಡಿ ಮಾಡಿಟ್ಟಿರ್ತೇನೆ. ನೀವು ಆಮೇಲೆ ಬನ್ನಿ" ಎಂದು ಬಂಗಲೆಗೆ ಹೋದರು.

ನಾನೂ ಅಕ್ಕನೂ ಹೋಗುವಷ್ಟರಲ್ಲಿ ಜಗಲಿ ತುಂಬಿತ್ತು. ನೆಂಟರು ಕುರ್ಚಿಗಳಲ್ಲಿ, ಎಸ್ಟೇಟಿನ ಲೆಕ್ಕ ಬರೆಯುವ ರೈಟರು, ಆಳುಗಳ ಮೇಸ್ತ್ರಿ ಎಲ್ಲ ಮೆಟ್ಟಿಲ ಬಳಿ. ಒಳಗಿನಿಂದ ಕಡುಬಿನ ಹಬೆಯ ವಾಸನೆ. ನಾನು ಗುಂಡಿ ಹಿಡಿದು ಮಂಡಿಯೂರಿದೆ. ಸಾಹುಕಾರರು ಚಪ್ಪಾಳೆ ತಟ್ಟಿದರು. ಕೆಂಪು ಕಾರು ಚಿಮ್ಮಿತು. ನನ್ನದು ಹಳೇ ಸೋಮಾರಿಯಂತೆ ಹೊರಟಿತು. ಹೆಬ್ಬೆರಳು ನೋಯುವಷ್ಟು ಒತ್ತಿದೆ. ಕುಚ್ಚು ಸರಿದಿರಬೇಕು, ಧೂಳು ಕೂತಿರಬೇಕು ಎಂದೆಲ್ಲ ಅಂದುಕೊಂಡೆ. ಕೆಂಪು ಕಾರು ನನ್ನನ್ನು ಮತ್ತೆ ಮತ್ತೆ ದಾಟಿ ಗೆದ್ದಿತು. ನೆಂಟರು ಕೂಗಿದರು. ಗೆದ್ದ ಹುರುಪಿಗೆ ಹುಡುಗ ಗುಂಡಿ ಬಿಡಲೇ ಇಲ್ಲ. ಕಾರು ತಿರುವಿನಲ್ಲಿ ಹಾರಿ ನನ್ನ ಮಂಡಿಯ ಪಕ್ಕ ಮಗುಚಿ ಬಿತ್ತು.

ಎತ್ತಿಕೊಟ್ಟರಾಯಿತೆಂದು ಕೈ ಚಾಚಿದೆ. ಅದರ ಹೊಟ್ಟೆಯಲ್ಲಿ, ಹೊಸ ತಾಮ್ರದ ನಡುವೆ, ಹಸಿರು ರೇಷ್ಮೆ ದಾರ ಕಾಣಿಸಿತು.

"ಇದು ನಂದು" ಎಂದೆ. "ಇದು ನಮ್ಮ ಮೋಟರು. ಅಕ್ಕ ಸುತ್ತಿದ್ದು. ಅಪ್ಪ, ವಾಪಸ್ ಹಾಕಿ."

ಸಾಹುಕಾರರು ಅಪ್ಪನತ್ತ ತಿರುಗಿದರು. "ಏನಂತೆ?"

ಬ್ಯಾಟರಿಯ ಪಕ್ಕ ಕೂತಿದ್ದ ಅಪ್ಪ ಎದ್ದು ನಿಂತರು. ನನ್ನ ಮುಖ ನೋಡಲಿಲ್ಲ. "ಏನಿಲ್ಲ ಸಾವ್ಕಾರ್ರೆ. ಸೋತದ್ದಕ್ಕೆ ಸಿಟ್ಟು ಅವನಿಗೆ. ಏನೋ ಹೇಳ್ತಾನೆ."

ಎಲ್ಲರೂ ನಕ್ಕರು. ಯಾರೋ ನನ್ನ ತಲೆ ಸವರಿ ಕಡುಬು ತಿನ್ನಲು ಕರೆದರು. ಅಕ್ಕ ನನ್ನ ಕೈ ಹಿಡಿದು ಮೆಟ್ಟಿಲಿಳಿಸಿದಳು. ಕೆಲಸದವರ ಸಾಲಿನಲ್ಲಿದ್ದ ನಮ್ಮ ಲೈನ್ ಮನೆ ಬರುವವರೆಗೂ ಅವಳು ಕೈ ಬಿಡಲಿಲ್ಲ.

ಮಧ್ಯಾಹ್ನ ಅಪ್ಪ ಬಂದಾಗ ಅಕ್ಕ ಕೇಳಿದಳು. "ಸಾವ್ಕಾರ್ರು ಹೇಳಿದ್ರಾ, ಮೋಟರು ಬದಲಾಯ್ಸು ಅಂತ?"

"ಇಲ್ಲ. ಅವರ್ಯಾಕೆ ಹೇಳ್ತಾರೆ? ನಾನೇ ಮಾಡ್ದೆ" ಎಂದರು ಅಪ್ಪ. "ನೆಂಟರೆದ್ರು ಅವರ ಮಗ ಸೋಲೋದು ಬೇಡ ಅಂತ. ನಾವು ಅವರ ಮನೇಲಿ ಇರೋರು. ನಿಂಗೆ ಅರ್ಥ ಆಗ್ಬೇಕಿತ್ತು."

"ನನಗೆ ಮೊದಲೇ ಹೇಳಿದ್ರೆ ನಾನೇ ಸೋಲ್ತಿದ್ನಲ್ಲ ಅಪ್ಪ" ಎಂದೆ ನಾನು.

ಅಕ್ಕ ಉಳಿದಿದ್ದ ತಂತಿಯ ಉರುಳೆಯನ್ನು ತಂದು ಅಪ್ಪನ ಮುಂದಿಟ್ಟಳು. "ಇನ್ನು ನನ್ನ ಹತ್ರ ಏನೂ ಸುತ್ತಿಸ್ಬೇಡಿ." ಅವಳು ಮಾತು ಉಳಿಸಿಕೊಂಡಳು.

ರಜೆ ಮುಗಿಯುವಷ್ಟರಲ್ಲಿ ಸಾಹುಕಾರರ ಮಗನಿಗೆ ಆಟ ಬೇಸರವಾಗಿತ್ತು. ಅಪ್ಪ ಒಂದು ದಿನ ನೀಲಿ ಕಾರನ್ನು ಕೇಳಿ ತಂದು ನನ್ನ ಹಾಸಿಗೆಯ ಮೇಲಿಟ್ಟರು. ಮೊದಲಿಗಿಂತ ಒಳ್ಳೆಯ ಮೋಟರು ಹಾಕಿದ್ದರು, ತಂತಿ ಅವರೇ ಸುತ್ತಿದ್ದು. ಸುತ್ತುಗಳು ಒಂದರ ಮೇಲೊಂದು ಏರಿದ್ದವು. ನಾನು ಅದನ್ನು ಮುಟ್ಟಲಿಲ್ಲ. ಓಡಿಸೋಣವೆಂದರೂ ನಮ್ಮ ಮನೆಯಲ್ಲಿ ಆ ಕಪ್ಪು ರಸ್ತೆ ಇರಲಿಲ್ಲ. ಆಮೇಲೆ ಅಪ್ಪ ನನಗಾಗಿ ಎಷ್ಟೋ ಮಾಡಿದರು, ಓದಿಸಿದರು, ಕಾಯಿಲೆ ಬಿದ್ದಾಗ ಹೊತ್ತುಕೊಂಡು ನಡೆದರು. ಆದರೆ ಅವರು ಏನನ್ನಾದರೂ ರೆಡಿ ಮಾಡಿಟ್ಟಿದ್ದೇನೆ ಎಂದಾಗಲೆಲ್ಲ ನಾನು ಇನ್ನೊಮ್ಮೆ ಬಿಚ್ಚಿ ನೋಡುತ್ತಿದ್ದೆ. ಅದು ಅವರಿಗೂ ಗೊತ್ತಿತ್ತು.

ಮೊಮ್ಮಕ್ಕಳೇ, ನಿಮ್ಮ ಕಾರುಗಳಿಗೆ ದಾರವಿಲ್ಲ, ಸೀಳಿಲ್ಲ. ಹೊಸ ಚಕ್ರ ಬೇಕೆಂದರೆ ಫೋನು ಒತ್ತುತ್ತೀರಿ, ನಾಲ್ಕು ದಿನದಲ್ಲಿ ಮೂಡಿಗೆರೆಯಿಂದ ಹುಡುಗ ಡಬ್ಬಿ ತಂದು ಕೊಡುತ್ತಾನೆ. ಉಪ್ಪುಕಾಗದದ ಮೇಲೆ ಯಾರೂ ಬೆರಳು ಸವೆಸಬೇಕಿಲ್ಲ. ಮೊನ್ನೆ ಅಂಗಳದಲ್ಲಿ ರೇಸ್ ಇಟ್ಟಾಗ ನಿಮ್ಮಪ್ಪ ತಮಾಷೆಗೆ ಚಿಕ್ಕವಳ ಕಾರಿನ ಬ್ಯಾಟರಿ ತೆಗೆದು ತನ್ನದಕ್ಕೆ ಹಾಕಿಕೊಂಡ. ಅವಳು ಸೊಂಟದ ಮೇಲೆ ಕೈಯಿಟ್ಟು, "ಅಪ್ಪಾ, ಅದು ನಂದು, ವಾಪಸ್ ಹಾಕು" ಎಂದಳು. ಅವನು ಕಿವಿ ಹಿಡಿದುಕೊಂಡು, ತಪ್ಪಾಯ್ತು ಎಂದು ವಾಪಸ್ ಹಾಕಿದ. ನೀವೆಲ್ಲ ಮತ್ತೆ ಆಟಕ್ಕೆ ತೊಡಗಿದಿರಿ. ಅಜ್ಜ ಯಾಕೆ ಎದ್ದು ಒಳಗೆ ಹೋದರು ಎಂದು ಆಮೇಲೆ ಕೇಳಿದಿರಲ್ಲ, ಅದಕ್ಕೇ ಇಷ್ಟನ್ನೂ ಹೇಳಿದೆ.