ಮೊದಲ ತಿಂಗಳು ಫೋನ್ ಇಲ್ಲ

ಇಪ್ಪತ್ತೆರಡು ಮಕ್ಕಳ ತಲೆಯಲ್ಲಿ ಹೇನು ಹುಡುಕಿದವಳಿಗೆ ಕುತ್ತಿಗೆ ನೋವು ಎಂದರೇನು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಪ್ರತಿ ಶನಿವಾರ ಬೆಳಿಗ್ಗೆ ನನಗೆ ಅದೇ ಕೆಲಸ. ಪೂರ್ವ ಆಫ್ರಿಕದ ಒಂದು ತಂಪು ಗುಡ್ಡದ ಮೇಲೆ ಕ್ರೈಸ್ತ ಮಿಷನ್ನಿನವರು ನಡೆಸುತ್ತಿದ್ದ ಬೋರ್ಡಿಂಗ್ ಶಾಲೆಯಲ್ಲಿ, ಆರರಿಂದ ಒಂಬತ್ತು ವರ್ಷದ ಹುಡುಗಿಯರು ಮಲಗುವ ಡಾರ್ಮಿಟರಿಗೆ ನಾನು ಸಹಾಯಕಿಯಾಗಿದ್ದೆ. ಚಿನ್ನದ ಬಣ್ಣದ ಕೂದಲು, ಗುಂಗುರು ಕೂದಲು, ನಮ್ಮ ಹಾಗೆ ಕಪ್ಪು ಕೂದಲು, ಎಲ್ಲವೂ ಅಲ್ಲಿದ್ದವು. ಹೇನಿಗೆ ಯಾವ ಭೇದವೂ ಇಲ್ಲ.

ಹೇನು ಬಿಟ್ಟರೆ ಉಳಿದ ದಿನಗಳಲ್ಲಿ ಬೇರೆ ಕೆಲಸ. ಚಪ್ಪಾಳೆ ತಟ್ಟಿ ಎಬ್ಬಿಸುವುದು, ಹಾಸಿಗೆ ಸರಿಯಾಗಿ ಮಡಚಿದ್ದಾರೋ ಎಂದು ನೋಡುವುದು, ಉಗುರು ನೋಡುವುದು, ಕಾಲುಚೀಲಕ್ಕೆಲ್ಲ ಹೆಸರಿನ ಪಟ್ಟಿ ಹೊಲಿಯುವುದು, ರಾತ್ರಿ ಹಾಸಿಗೆ ಒದ್ದೆ ಮಾಡಿಕೊಂಡವಳ ಚಾದರವನ್ನು ಬೇರೆಯವರಿಗೆ ತಿಳಿಯದ ಹಾಗೆ ಬದಲಾಯಿಸುವುದು. ಯಾವುದೂ ಕಷ್ಟದ ಕೆಲಸವಲ್ಲ. ಆದರೆ ಮುಗಿಯುವ ಕೆಲಸವೂ ಅಲ್ಲ. ಆ ನಾಲ್ಕು ವರ್ಷ ನೆನಪು ಮಾಡಿಕೊಂಡರೆ ಮುಖಗಳಿಗಿಂತ ಮೊದಲು ಆಯಾಸವೇ ನೆನಪಾಗುತ್ತದೆ.

ಅಲ್ಲಿಗೆ ನಾನು ಹೋದದ್ದು ಆಸೆಯಿಂದ ಅಲ್ಲ. ನಮ್ಮ ಮನೆ ಇರುವುದು ಕುಂಬಳೆಯಿಂದ ಪುತ್ತಿಗೆಗೆ ಹೋಗುವ ದಾರಿಯಲ್ಲಿ. ಮಗಳಿಗೆ ಮೂರು ತುಂಬುವ ಮೊದಲೇ ಗಂಡ ತೀರಿಕೊಂಡರು. ನಮ್ಮೂರ ಪಕ್ಕದ ಅನಂತಪುರದ ಹತ್ತಿರದ ಒಂದು ಫ್ಯಾಕ್ಟರಿಯಲ್ಲಿ ಎರಡು ವರ್ಷ ಪ್ಯಾಕಿಂಗ್ ಮಾಡಿದೆ. ಅದು ಮುಚ್ಚಿದಾಗ, ನಮ್ಮ ಇಗರ್ಜಿಗೆ, ಅಂದರೆ ಚರ್ಚಿಗೆ, ಬರುತ್ತಿದ್ದ ಒಬ್ಬರು ಸಿಸ್ಟರ್ ಈ ಕೆಲಸದ ವಿಷಯ ಹೇಳಿದರು. ನನಗಿಂತ ಹತ್ತು ವರ್ಷ ದೊಡ್ಡವಳಾದ ಅಕ್ಕ, ಮದುವೆಯಾಗದೆ ಮನೆಯಲ್ಲೇ ಇದ್ದವಳು, ಮಗುವನ್ನು ನಾನು ನೋಡಿಕೊಳ್ಳುತ್ತೇನೆ ಎಂದಳು. ಹಾಗೆ ಐದು ವರ್ಷದ ಮಗಳನ್ನು ಅಕ್ಕನ ಸೊಂಟದ ಪಕ್ಕ ನಿಲ್ಲಿಸಿ ನಾನು ವಿಮಾನ ಹತ್ತಿದೆ.

ಶಾಲೆ ಶುರುವಾಗುವ ಹಿಂದಿನ ವಾರ ನಮ್ಮ ಡಾರ್ಮಿಟರಿಯ ಹಿರಿಯ ಮೇಡಂ ನನ್ನನ್ನು ಕೂರಿಸಿ ಕಾನೂನುಗಳನ್ನು ಹೇಳಿಕೊಟ್ಟರು. ಮೂವತ್ತು ವರ್ಷ ಇದೇ ಕೆಲಸ ಮಾಡಿದ ಬಿಳಿ ಹೆಂಗಸು, ಒಳ್ಳೆಯವರು. ಎಲ್ಲಕ್ಕಿಂತ ಮುಖ್ಯವಾದ ಕಾನೂನು ಇದು: ಹೊಸದಾಗಿ ಬಂದ ಮಗುವಿಗೆ ಮೊದಲ ತಿಂಗಳು ಮನೆಯವರ ಫೋನ್ ಇಲ್ಲ. ಆಮೇಲೆ ಪ್ರತಿ ಭಾನುವಾರ ಹತ್ತು ನಿಮಿಷ. ತಾಯಿಯ ಸ್ವರ ಕೇಳಿದ ಕೂಡಲೇ ಮಗು ಮತ್ತೆ ಮೊದಲಿನಿಂದ ಅಳಲು ಶುರು ಮಾಡುತ್ತದೆ, ಕೇಳದಿದ್ದರೆ ತಿಂಗಳೊಳಗೆ ಸರಿಯಾಗುತ್ತದೆ ಎಂದು ಅವರು ಹೇಳಿದರು. ಒಂದು ಪುಸ್ತಕವಿತ್ತು. ಮಗು ಅಳುವುದು ನಿಲ್ಲಿಸಿ, ಊಟ ಮಾಡಿ, ಆಟಕ್ಕೆ ಹೋಗಲು ಶುರು ಮಾಡಿದ ದಿನ ಅದರ ಹೆಸರಿನ ಮುಂದೆ 'ಹೊಂದಿಕೊಂಡಳು' ಎಂದು ಬರೆಯಬೇಕು.

ಕಾನೂನು ಸರಿಯೇ ಇತ್ತು. ನಾನೇ ಕಣ್ಣಾರೆ ನೋಡಿದೆ. ಮೊದಲ ವಾರ ನನ್ನ ಸ್ಕರ್ಟನ್ನು ಹಿಡಿದು ಬಿಡದಿದ್ದ ಹುಡುಗಿಯರು ಮೂರನೆಯ ವಾರಕ್ಕೆ ಹಗ್ಗದಾಟ ಆಡುತ್ತಿದ್ದರು. ಅದನ್ನು ನೋಡಿಯೇ ನನ್ನ ತಲೆಗೆ ಆ ಬುದ್ಧಿ ಹೊಳೆದದ್ದು. ಅಲ್ಲಿಯವರೆಗೆ ಎರಡು ಸಲ, ಎರಡೂ ಭಾನುವಾರವೇ, ಮನೆಗೆ ಫೋನ್ ಮಾಡಿದ್ದೆ, ಎರಡು ಸಲವೂ ಮಗಳು ಬಿಕ್ಕಿ ಬಿಕ್ಕಿ ಅತ್ತಿದ್ದಳು. ಮೂರನೆಯ ಸಲ ಅಕ್ಕನಿಗೆ ಹೇಳಿದೆ, ಇನ್ನು ಒಂದು ತಿಂಗಳು ಅವಳಿಗೆ ಫೋನ್ ಕೊಡಬೇಡ, ನಾನು ನಿನ್ನ ಹತ್ತಿರ ಮಾತ್ರ ಮಾತಾಡುತ್ತೇನೆ ಎಂದು.

ನಮ್ಮ ಮನೆಮಾತು ಕೊಂಕಣಿ. ಆದರೆ ಅಕ್ಕ ಕನ್ನಡ ಶಾಲೆಯ ಟೀಚರ್ ಆದ ಕಾರಣ ಅವಳ ಬೈಗುಳವೆಲ್ಲ ಕನ್ನಡದಲ್ಲೇ.

"ಅದೆಂತ ಕಾನೂನು ಮಾರಾಯ್ತಿ? ಅವಳೆಂತ ಬೋರ್ಡಿಂಗಿನಲ್ಲಿ ಇದ್ದಾಳಾ?" ಎಂದಳು.

ನಾನು ಎರಡು ತಿಂಗಳಲ್ಲಿ ದೊಡ್ಡ ಪಂಡಿತೆಯಾಗಿದ್ದೆ. ಮೇಡಂ ಹೇಳಿದ್ದನ್ನೆಲ್ಲ ಅವಳಿಗೆ ಒಪ್ಪಿಸಿದೆ. ಅಕ್ಕ ಒಪ್ಪಿದಳೋ ಸುಸ್ತಾದಳೋ, ಆಯಿತು ಎಂದಳು. ತಿಂಗಳು ಕಳೆದ ಮೇಲೆ ಫೋನ್ ಮಾಡಿದಾಗ ಮಗಳು ಅಳಲಿಲ್ಲ. ಊಟ ಆಯಿತಾ ಎಂದರೆ ಆಯಿತು ಎಂದಳು, ಶಾಲೆ ಹೇಗೆ ಎಂದರೆ ಒಳ್ಳೇದುಂಟು ಎಂದಳು, ಮತ್ತೆ ಫೋನನ್ನು ಅಕ್ಕನಿಗೆ ಕೊಟ್ಟಳು. ನನಗೆ ಖುಷಿಯಾಯಿತು. ಆ ಖುಷಿಯನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಎರಡು ವರ್ಷ ಮುಗಿದ ಮೇಲೆ ಎರಡು ತಿಂಗಳ ರಜೆ ಸಿಕ್ಕಿತು. ಮಂಗಳೂರಿನಿಂದ ಕಾರಿನಲ್ಲಿ ಬರುವಾಗ ಮಗಳು ನನ್ನ ಪಕ್ಕದಲ್ಲೇ ಕೂತಿದ್ದಳು. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು. ಅಂದು ಸಂಜೆ ನಮ್ಮ ಪದ್ಧತಿಯಂತೆ ಎಲ್ಲರೂ ಮೊಣಕಾಲೂರಿ ತೇರ್ಸ್, ಎಂದರೆ ಜಪಮಾಲೆಯ ಪ್ರಾರ್ಥನೆ, ಹೇಳಿದೆವು. ಅದು ಮುಗಿದ ಮೇಲೆ ಮಕ್ಕಳು ಕೈ ಮುಗಿದು ಹಿರಿಯರಿಂದ ಬೆಸಾಂವ್, ಅಂದರೆ ಆಶೀರ್ವಾದ, ಕೇಳಬೇಕು. ಮಗಳು ನೇರ ಅಕ್ಕನ ಹತ್ತಿರ ಹೋಗಿ ತಲೆ ಬಗ್ಗಿಸಿದಳು. ಅಕ್ಕ ಕಣ್ಣಲ್ಲೇ ಸನ್ನೆ ಮಾಡಿದ ಮೇಲೆ ನನ್ನ ಮುಂದೆ ಬಂದು ನಿಂತಳು.

ನಾನು ಅವಳ ತಲೆಯ ಮೇಲೆ ಕೈ ಇಟ್ಟೆ. ನನಗೇ ಗೊತ್ತಿಲ್ಲದ ಹಾಗೆ ನನ್ನ ಬೆರಳುಗಳು ಅವಳ ಬೈತಲೆಯ ಪಕ್ಕ ಕೂದಲನ್ನು ಬಿಡಿಸಿ ಬಿಡಿಸಿ ನೋಡತೊಡಗಿದವು.

"ಹೇನು ಇಲ್ಲ ಮಮ್ಮಿ. ಮಾವ್ಶಿ ನೋಡಿ ಆಗಿದೆ" ಎಂದಳು ಮಗಳು. ಅವಳು ಮಾವ್ಶಿ ಎನ್ನುವುದು ನನ್ನ ಅಕ್ಕನನ್ನು.

ಮರುದಿನದಿಂದ ನಾನು ಆ ಮನೆಯಲ್ಲಿ ತಾಯಿಯ ಕೆಲಸ ಮಾಡಲು ಪ್ರಯತ್ನಪಟ್ಟೆ, ಬಂದದ್ದು ಡಾರ್ಮಿಟರಿಯ ಕೆಲಸ ಮಾತ್ರ. ಬೆಳಿಗ್ಗೆ ಚಪ್ಪಾಳೆ ತಟ್ಟಿದೆ. ಚಾದರದ ಮೂಲೆ ಸರಿಯಿಲ್ಲ ಎಂದೆ. ಉಗುರು ತೋರಿಸು ಎಂದೆ. ಅವಳು ಎಲ್ಲವನ್ನೂ ತಕರಾರಿಲ್ಲದೆ ಮಾಡಿದಳು. ಒಮ್ಮೆಯೂ ಹಠ ಮಾಡಲಿಲ್ಲ, ಒಮ್ಮೆಯೂ ಕುತ್ತಿಗೆಗೆ ಜೋತು ಬೀಳಲಿಲ್ಲ. ಅಕ್ಕನ ಹತ್ತಿರ ಮಾತ್ರ ಬಂಗುಡೆ ಮೀನಿನ ಮುಳ್ಳು ತೆಗೆದುಕೊಡು ಎಂದು ಗಲಾಟೆ ಮಾಡುತ್ತಿದ್ದಳು. ಮುಳ್ಳು ನಾನು ತೆಗೆಯುತ್ತೇನೆ ಎಂದರೆ, ಬೇಡ, ನನಗೆ ಗೊತ್ತುಂಟು ಎಂದು ತಾನೇ ತೆಗೆದುಕೊಳ್ಳುತ್ತಿದ್ದಳು.

ಎಷ್ಟು ಒಳ್ಳೆಯ ಹುಡುಗಿ, ಎಷ್ಟು ಬೇಗ ಹೊಂದಿಕೊಂಡಳು ಎಂದು ಒಂದು ದಿನ ಹಿತ್ತಲಲ್ಲಿ ಬಟ್ಟೆ ಒಣಗಲು ಹಾಕುತ್ತಾ ಅಕ್ಕನಿಗೆ ಹೇಳಿದೆ. ಅಕ್ಕ ಕೈಯಲ್ಲಿದ್ದ ಬಟ್ಟೆಯನ್ನು ಬಕೆಟಿಗೆ ಹಾಕಿದಳು. ಆ ಒಂದು ತಿಂಗಳ ಕಥೆಯನ್ನು ಅವಳು ಅಲ್ಲಿಯವರೆಗೆ ನನಗೆ ಹೇಳಿರಲಿಲ್ಲ. ಪ್ರತಿ ಭಾನುವಾರ ಪೂಜೆ ಮುಗಿಸಿ ಬಂದ ಮೇಲೆ ಮಗಳು ಇಗರ್ಜಿಗೆ ಹಾಕಿದ ಫ್ರಾಕನ್ನು ಬಿಚ್ಚಲು ಬಿಡದೆ ಫೋನಿನ ಪಕ್ಕದ ಸ್ಟೂಲಿನ ಮೇಲೆ ಕೂರುತ್ತಿದ್ದಳಂತೆ. ಮಮ್ಮಿ ಫೋನ್ ಮಾಡಿದಾಗ ಒಳ್ಳೆಯ ಫ್ರಾಕಿನಲ್ಲಿ ಇರಬೇಕು ಎಂದು. ಫೋನ್ ರಿಂಗಾದರೆ ಅಕ್ಕ ಎತ್ತಿ, ನಾನೇ ಎಂದು ಗೊತ್ತಾದ ಕೂಡಲೇ, ಯಾರೋ ಟೀಚರ್ ಎಂದು ಸುಳ್ಳು ಹೇಳಬೇಕಿತ್ತು. ನಾಲ್ಕನೆಯ ಭಾನುವಾರ ಅಕ್ಕ ತಡೆಯಲಾಗದೆ ಅವಳಿಗೆ ನಿಜ ಹೇಳಿಬಿಟ್ಟಳು, ನಿನ್ನ ಒಳ್ಳೆಯದಕ್ಕೆ ಮಮ್ಮಿಯೇ ಹೀಗೆ ಮಾಡಿದ್ದು, ಸ್ವರ ಕೇಳಿದರೆ ನಿನಗೆ ಅಳು ಬರುತ್ತದಲ್ಲ ಎಂದು. ಮಗಳು ಸ್ಟೂಲಿನಿಂದ ಇಳಿದು ಫ್ರಾಕ್ ಬಿಚ್ಚಿಟ್ಟಳಂತೆ.

"ಮನೆಗೆ ಮಾರಿ, ಊರಿಗೆ ಉಪಕಾರಿ ಅಂತ ಹೇಳ್ತಾರಲ್ಲ, ಅದು ನೀನೇ" ಎಂದಳು ಅಕ್ಕ. ಅವಳು ತಮಾಷೆಗೆ ಹೇಳಲಿಲ್ಲ.

ನಾನು ಹಿತ್ತಲಿನ ಕಲ್ಲಿನ ಮೇಲೆ ಕೂತು ಅತ್ತೆ. ಅತ್ತು ಆದ ಮೇಲೂ ಬಟ್ಟೆ ಒಣಗಲು ಹಾಕುವುದು ಬಾಕಿಯಿತ್ತು.

ಮತ್ತೆ ಹೋಗಬಾರದು ಎಂದು ಎಷ್ಟೋ ಸಲ ಅಂದುಕೊಂಡೆ. ಆದರೆ ಇನ್ನೆರಡು ವರ್ಷಕ್ಕೆ ಸಹಿ ಹಾಕಿ ಆಗಿತ್ತು, ಊರಿನಲ್ಲಿ ಬೇರೆ ಕೆಲಸ ಕಾದು ಕೂತಿರಲಿಲ್ಲ. ಬಿಡುವ ಧೈರ್ಯ ನನಗಿರಲಿಲ್ಲ ಎಂದರೆ ಸಾಕು. ಹೊರಡುವ ದಿನ ಮಗಳನ್ನು ಪಕ್ಕದಲ್ಲಿ ಕೂರಿಸಿ ಹೇಳಿದೆ, ಆಗ ಮಾಡಿದ್ದು ತಪ್ಪು, ಈ ಸಲ ತಲುಪಿದ ದಿನವೇ ನಿನಗೆ ಫೋನ್ ಮಾಡುತ್ತೇನೆ.

ಅವಳು ಗೋಡೆಯ ಕ್ಯಾಲೆಂಡರಿನ ಕಡೆ ನೋಡಿದಳು.

"ಬೇಡ ಮಮ್ಮಿ. ಒಂದು ತಿಂಗಳು ಮಾಡ್ಬೇಡ. ಮಾಡಿದ್ರೆ ಪುನಃ ಮೊದಲಿನಿಂದ ಶುರು ಆಗ್ತದೆ" ಎಂದಳು.

ಸಿಟ್ಟಿನಿಂದ ಹೇಳಿದ್ದರೆ ನಾನು ತಡೆದುಕೊಳ್ಳುತ್ತಿದ್ದೆನೋ ಏನೋ. ಅವಳು ನನಗೆ ಸಹಾಯ ಮಾಡುವವಳ ಹಾಗೆ ಹೇಳಿದಳು. ಮಗುವಿನ ಮಾತು, ಮರೆತುಬಿಡುತ್ತಾಳೆ ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡು ಹೊರಟೆ.

ತಲುಪಿದ ದಿನವೇ ಫೋನ್ ಮಾಡಿದೆ. ಅಕ್ಕ ಎತ್ತಿದಳು. ಮಗಳನ್ನು ಕರೆದಳು. ಅವಳು ಬರಲಿಲ್ಲ. ತಿಂಗಳು ಆಗಲಿಲ್ಲವಲ್ಲ ಎಂದು ಒಳಗಿನಿಂದ ಹೇಳಿದ್ದು ನನಗೇ ಕೇಳಿಸಿತು. ಮುಂದಿನ ಭಾನುವಾರವೂ ಬರಲಿಲ್ಲ, ಅದರ ಮುಂದಿನ ಭಾನುವಾರವೂ ಇಲ್ಲ. ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದಾಳೆ ಎಂದಳು ಅಕ್ಕ. ಆ ತಿಂಗಳು ಹೊಸ ಮಕ್ಕಳು ಅಳುವಾಗ ನಾನು ಮೇಡಂಗೆ ಗೊತ್ತಾಗದ ಹಾಗೆ ಇಬ್ಬರಿಗೆ ಮನೆಗೆ ಫೋನ್ ಹಾಕಿಕೊಟ್ಟೆ. ಇಬ್ಬರೂ ಮತ್ತೆ ಮೊದಲಿನಿಂದ ಅತ್ತರು. ಮೇಡಂ ಹೇಳಿದ್ದು ಸುಳ್ಳಲ್ಲ.

ಐದನೆಯ ಭಾನುವಾರ ನಾನು ಆಫೀಸಿನ ಫೋನಿನ ಮುಂದೆ ಕೂತಾಗ ನನ್ನ ಹಿಂದೆ ಹುಡುಗಿಯರು ಸರದಿಗೆ ಸಾಲಾಗಿ ನಿಂತಿದ್ದರು. ಅವತ್ತು ನಾನು ನನ್ನಲ್ಲಿದ್ದ ಒಳ್ಳೆಯ ಡ್ರೆಸ್ ಹಾಕಿದ್ದೆ. ಒಂದೇ ರಿಂಗಿಗೆ ಆ ಕಡೆ ಮಗಳೇ ಎತ್ತಿದಳು.

"ತಿಂಗಳು ಆಯ್ತು ಮಮ್ಮಿ. ಈಗ ನಾನು ಅಳುದಿಲ್ಲ, ಮಾತಾಡು" ಎಂದಳು.

ಅವಳ ಸ್ವರ ಕೇಳಿದ ಕೂಡಲೇ ನಾನು ಅಳಲು ಶುರು ಮಾಡಿದೆ. ಅವಳು ಕಾದಳು. ಆಮೇಲೆ, ನಿನಗಿನ್ನೂ ಆಗಲಿಲ್ಲ ಅಂತ ಕಾಣ್ತದೆ, ಮುಂದಿನ ವಾರ ಮಾಡು ಎಂದು ಮೆಲ್ಲ ಫೋನ್ ಇಟ್ಟಳು.